‘ಮೊದಲು ನಿಮ್ಮ ಜಾತಿ ಹೇಳಿ, ಆಮೇಲೆ ಮಾತಾಡಿ’: ಗೋಷ್ಠಿಗೆ ಈ ನಿಯಮ ಬೇಕಾ?

ಫ್ರೀಮಾಂಟ್ ಫಿಲ್ಟರ್‌ಕಾಫಿ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡ ಓದುಗರ ಬಳಗವೊಂದು ‘ಬಿಳಿಯರ ವರ್ಣಭೇದ, ನಮ್ಮವರ ಜಾತಿಭೇದ’ ಅಂತ 90 ನಿಮಿಷದ ಗೋಷ್ಠಿ ಇಟ್ಕೊಳ್ತಿದೆ. ಅರ್ಧ ಜನ ಸಭಾಂಗಣದಲ್ಲಿ, ಇನ್ನರ್ಧ ಜೂಮ್‌ನಲ್ಲಿ. ಕರಡು ನಿಯಮ ಮೂರಿವೆ.

ಒಂದು, ಮಾತಾಡುವ ಪ್ರತಿಯೊಬ್ಬರೂ ಮೊದಲು ತಮ್ಮ ಜಾತಿ ಹಿನ್ನೆಲೆ ಹೇಳಬೇಕು. ಎರಡು, ಮೇಲ್ಜಾತಿಯವರು ಕೇಳಿಸಿಕೊಳ್ಳಬೇಕು ಅಷ್ಟೆ, ಮಾತಾಡಬಾರದು. ಮೂರು, ಅನುಭವಿಸಿದವರಿಗೆ ಮಾತ್ರ ವೇದಿಕೆ.

ಉದ್ದೇಶ ಒಳ್ಳೇದೇ. ಸಾಮಾನ್ಯವಾಗಿ ಇಂಥ ಸಭೆಗಳಲ್ಲಿ ಜಾತಿ ಎಂದರೆ ಏನು ಅಂತ ಜಾತಿಯ ಬಿಸಿ ತಾಗದವರೇ ಒಂದು ಗಂಟೆ ವಿವರಿಸ್ತಾರೆ. ಆದರೂ ಈ ನಿಯಮಗಳು ನಡೀತವಾ, ಎಲ್ಲಿ ಕೈ ಕೊಡ್ತವೆ ಅಂತ ತಿಳಿದವರು ಹೇಳಿ. ಸ್ವಂತ ಕತೆ ಬೇಡ. ಕಾನೂನು, ದಾಖಲೆ, ವಿಧಾನ ಇದ್ದರೆ ಬರೀರಿ.

---

ಬಯಲುಸೀಮೆ

ಮೊದಲನೇ ನಿಯಮ ತೆಗೆದುಬಿಡಿ. ಅದು ಯಾರನ್ನು ಕಾಪಾಡಬೇಕು ಅಂತ ಬರೆದಿದ್ದೀರೋ ಅವರಿಗೇ ಮೊದಲ ಏಟು.

ಚರ್ಮದ ಬಣ್ಣಕ್ಕೂ ಜಾತಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಕಪ್ಪು ಮನುಷ್ಯ ಕೋಣೆಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಗೊತ್ತು, ಹೇಳಿಕೊಂಡರೆ ಹೊಸದಾಗಿ ಕಳಕೊಳ್ಳೋದು ಏನೂ ಇಲ್ಲ. ಅಮೆರಿಕದ ಆಫೀಸಿನಲ್ಲಿ ಕೂತ ದಲಿತ ಎಂಜಿನಿಯರ್‌ಗೆ ಮೌನವೇ ಕೊಡೆ. ‘ನಾನು ಇಂಥ ಬ್ರಾಹ್ಮಣ, ಇಂಥ ಲಿಂಗಾಯತ, ಇಂಥ ಗೌಡ’ ಅಂತ ಹೇಳೋಕೆ ಒಂದು ಕಾಸೂ ಖರ್ಚಿಲ್ಲ, ಜೊತೆಗೆ ಪ್ರಾಮಾಣಿಕತೆಯ ಹೆಸರು ಬೇರೆ ಸಿಗುತ್ತೆ. ಅದೇ ವಾಕ್ಯ ಇನ್ನೊಬ್ಬರ ಬಾಯಿಂದ ಬಂದರೆ ಸೋಮವಾರ ಬೆಳಗ್ಗೆ ಊಟದ ಟೇಬಲ್ಲಿನ ಲೆಕ್ಕ ಬದಲಾಗುತ್ತೆ. ಎಲ್ಲರಿಗೂ ಒಂದೇ ನಿಯಮ, ತೆರುವ ಬೆಲೆ ಮಾತ್ರ ಒಂದೇ ಅಲ್ಲ.

ಕನ್ನಡಿಗರ ನಡುವೆ ಈ ‘ಪತ್ತೆ’ ನಡೆಯೋ ರೀತಿ ತಿಳಿದಿರಲಿ. ಹಳೇ ಮೈಸೂರು ಕಡೆ ಅಡ್ಡಹೆಸರಿಲ್ಲ, ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಅಷ್ಟೆ. ಹೆಸರಿನಿಂದ ಏನೂ ಗೊತ್ತಾಗಲ್ಲ ಅಂತಲೇ ಪ್ರಶ್ನೆಗಳು ಸುತ್ತು ಹೊಡೀತವೆ. ‘ಊರು ಯಾವ್ದು?’ ಆಯ್ತು. ‘ಊರಲ್ಲಿ ಯಾವ ಬೀದಿ?’ ‘ಮನೆದೇವ್ರು ಯಾರು?’ ‘ನಡ್ಕೊಳ್ಳೋದು ಯಾವ ಮಠಕ್ಕೆ?’ ‘ನಿಮ್ಮಲ್ಲಿ ಹಬ್ಬಕ್ಕೆ ಏನು ಮಾಡ್ತಾರೆ?’ ಕೊನೆಗೆ ‘ಯಾರ ಪೈಕಿ?’ ಒಂದೊಂದೂ ಕುಶಲೋಪರಿ. ಆರೂ ಸೇರಿದರೆ ಜಾತಿ ಸರ್ಟಿಫಿಕೇಟು. ಗಣೇಶನ ಹಬ್ಬದ ಸಾಮೂಹಿಕ ಪೂಜೆಯಲ್ಲಿ ‘ಗೋತ್ರ ಹೇಳಿ’ ಅಂತ ಸಾಲಾಗಿ ಕೇಳುವಾಗ ಒಬ್ಬರು ಎದ್ದು ಪಾನಕ ತರೋಕೆ ಹೋದರೆ ಅದನ್ನೂ ಗಮನಿಸುವವರಿದ್ದಾರೆ.

ನಿಮ್ಮ ಮೊದಲನೇ ನಿಯಮ ಅದೇ ಪ್ರಶ್ನೆಯನ್ನು ಮೈಕು ಕೊಟ್ಟು ಕೇಳಿದಂಗೆ.

---

ಹುಬ್ಳಿ ಗಿರ್ಮಿಟ್

ನಮ್ಮ ಕಡೆ ಅಡ್ಡಹೆಸರಿನಾಗ ಅರ್ಧ ಕತಿ ಮುಗದಿರ್ತದರಿ. ಬಡಿಗೇರ, ಕಮ್ಮಾರ, ಕುಂಬಾರ, ಹಡಪದ, ತಳವಾರ, ಮಾದರ. ಅಪ್ಪ ಬೆಂಗಳೂರಾಗ ಐಎಎಸ್ ಆಗಿದ್ರೂ ಬ್ಯಾಡ್ಜಿನ ಮ್ಯಾಲೆ ಮುತ್ತಜ್ಜನ ಕಸಬು ಕೂತಿರ್ತದ. ಪಾಟೀಲ ಅಂದ್ರ ಮಾತ್ರ ಕೇಳೋರು ಕಂಗಾಲು. ಲಿಂಗಾಯತರಾಗೂ ಅದಾರ, ಜೈನರಾಗೂ ಅದಾರ, ಮರಾಠರಾಗೂ ಅದಾರ, ಮುಸಲ್ಮಾನರಾಗೂ ಅದಾರ. ಮತ್ತ ಮನಿದೇವ್ರು ಯಾರಂತ ಕೇಳೂದ ಆಗ್ತದ.

ಇನ್ನೊಂದು ತಮಾಷಿ. ಪಾಸ್‌ಪೋರ್ಟಿನಾಗ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕಾದ ವೀಸಾದಾಗ ಮೊದಲ ಹೆಸರು ‘ಎಫ್‌ಎನ್‌ಯು’ ಅಂತ ಬರ್ತದ, ಅಂದ್ರ ಹೆಸರು ಗೊತ್ತಿಲ್ಲ ಅಂತ. ಕಂಪನಿ ಡೈರೆಕ್ಟರಿಯಾಗೂ ಹಂಗ ಕೂರ್ತದ. ಜಾತಿ ಮುಚ್ಚಿಡಾಕ ಅದಕ್ಕಿಂತ ಛಲೋ ಹೆಸರು ಸಿಗೂದಿಲ್ಲ ಬಿಡ್ರಿ.

---

ಕಾನೂನು ಕಟ್ಟೆ

ಬಯಲುಸೀಮೆಯವರು ಹೇಳಿದ್ದು ನ್ಯಾಯಾಲಯದಲ್ಲೇ ಚರ್ಚೆಯಾದ ವಿಷಯ.

ಕ್ಯಾಲಿಫೋರ್ನಿಯಾದ ನಾಗರಿಕ ಹಕ್ಕು ಇಲಾಖೆ ಸಿಸ್ಕೋ ಕಂಪನಿಯ ಮೇಲೆ 2020ರ ಜೂನ್ 30ರಂದು ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಅದೇ ವರ್ಷ ಪ್ರಕರಣ ಸಾಂತಾ ಕ್ಲಾರಾ ಕೌಂಟಿಯ ರಾಜ್ಯ ನ್ಯಾಯಾಲಯಕ್ಕೆ ಬಂತು. ದೂರುದಾರ ದಲಿತ ಎಂಜಿನಿಯರ್, ದಾವೆಯಲ್ಲಿ ನಿಜನಾಮ ಮುಚ್ಚಿಟ್ಟು ಕೊಟ್ಟ ಹೆಸರು ‘ಜಾನ್ ಡೋ’. ಆತ ಐಐಟಿಗೆ ಮೀಸಲಾತಿಯಿಂದ ಸೇರಿದವನು ಎಂದು ಮೇಲಧಿಕಾರಿ ಸಹೋದ್ಯೋಗಿಗಳಿಗೆ ಹೇಳಿದರು, ಆತ ಎಚ್‌ಆರ್‌ಗೆ ಹೋದಾಗ ಜಾತಿ ತಾರತಮ್ಯ ಕಾನೂನುಬಾಹಿರವಲ್ಲ ಎಂಬ ಉತ್ತರ ಬಂತು ಎಂಬುದು ಇಲಾಖೆಯ ಆರೋಪ. ಕಂಪನಿ ಅಲ್ಲಗಳೆದಿದೆ.

ಆತ ಅನಾಮಿಕನಾಗಿ ಉಳಿಯಬಹುದೇ ಎಂಬುದೇ ದೊಡ್ಡ ಜಗಳವಾಯಿತು. ಭಾರತದಲ್ಲಿರುವ ಆತನ ಕುಟುಂಬಕ್ಕೆ ಆಗಬಹುದಾದ ತೊಂದರೆಯನ್ನು ಕೆಳ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿದ್ದಿತು: ಕುಟುಂಬ ಬೇರೆ ದೇಶದಲ್ಲಿದ್ದರೂ ಅವರಿಗಾಗುವ ಹಾನಿಯನ್ನು ತೂಗಿ ನೋಡಲೇಬೇಕು. ಸಿಲಿಕಾನ್ ವ್ಯಾಲಿಯಲ್ಲಿ ಹೆಸರು ಹೊರಬಿದ್ದರೆ ಊರಲ್ಲಿ ತಂಗಿಯ ಮದುವೆಗೆ, ಬಾಡಿಗೆ ಮನೆಗೆ ಏನಾಗುತ್ತದೆ ಎಂಬುದು ಇಲ್ಲಿನ ಕಾನೂನಿಗೂ ಸಂಬಂಧಪಟ್ಟ ಪ್ರಶ್ನೆ ಅಂತ ಆಯಿತು. ದೂರು ಕೊಟ್ಟವನಿಗೇ ಇಷ್ಟು ಎಚ್ಚರಿಕೆ ಬೇಕಾದರೆ, ಗೋಷ್ಠಿಗೆ ಬಂದವರಿಂದ ಬಾಯಿಬಿಡಿಸೋ ಹಕ್ಕು ನಿಮಗೆ ಎಲ್ಲಿಂದ ಬಂತು?

---

ತೀರ್ಥಹಳ್ಳಿ ಮಳೆ

ಒಪ್ಪಿದೆ ಮಾರಾಯ್ರೆ, ಆದರೆ ಇನ್ನೊಂದು ಮಗ್ಗುಲೂ ಬರೀರಿ. ದೂರುದಾರರ ಹೆಸರು ಮುಚ್ಚಿತ್ತು, ಆರೋಪ ಹೊತ್ತ ಇಬ್ಬರು ಎಂಜಿನಿಯರ್‌ಗಳ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. 2023ರ ಏಪ್ರಿಲ್‌ನಲ್ಲಿ ಇಲಾಖೆ ತಾನಾಗಿಯೇ ಅವರಿಬ್ಬರ ಮೇಲಿನ ಮೊಕದ್ದಮೆ ಕೈಬಿಟ್ಟಿತು, ಕಂಪನಿಯ ಮೇಲಿನದು ಮಾತ್ರ ಉಳೀತು. ಸುಮಾರು ಮೂರು ವರ್ಷ ಆ ಇಬ್ಬರು ಅನುಭವಿಸಿದ್ದಕ್ಕೆ ಯಾವ ಗೋಷ್ಠಿ ಇಡ್ತೀರಿ?

ಎರಡನೇದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ವಂಶಮೂಲದ ಮೇಲಿನ ತಾರತಮ್ಯ ಮೊದಲಿನಿಂದಲೂ ಅಪರಾಧ. ಕಾನೂನಿನಲ್ಲಿ ‘ಜಾತಿ’ ಅಂತಲೇ ಸೇರಿಸೋ ಎಸ್‌ಬಿ 403 ಮಸೂದೆಯನ್ನು ಗವರ್ನರ್ ನ್ಯೂಸಮ್ 2023ರ ಅಕ್ಟೋಬರ್ 7ರಂದು ವಾಪಸ್ ಕಳಿಸಿದ್ದೂ ಅದೇ ಕಾರಣಕ್ಕೆ, ಇರೋ ಕಾನೂನೇ ಸಾಕು, ಇದು ಅನಗತ್ಯ ಅಂತ. ‘ಜಾತಿ’ ಅನ್ನೋ ಪದ ಬರೆದ ಕೂಡಲೇ ಬೆರಳು ಭಾರತೀಯರ ಕಡೆಗೇ. ನಾಳೆ ಬಿಳಿ ಮ್ಯಾನೇಜರ್ ಒಬ್ಬ ಕಂದು ಮುಖ ನೋಡಿ ‘ಇವರಿಬ್ಬರನ್ನು ಒಂದೇ ತಂಡದಲ್ಲಿ ಹಾಕೋದು ಬೇಡ, ಏನು ಜಾತಿ ರಗಳೆಯೋ’ ಅಂದರೆ ಅದೂ ವರ್ಣಭೇದವೇ ಅಲ್ವಾ? ಇದನ್ನ ಹೇಳೋಕೆ ನಮಗೆ ಬಾಯಿಲ್ಲ ಅಂದರೆ ಅದು ಚರ್ಚೆ ಅಲ್ಲ.

---

ಕಾನೂನು ಕಟ್ಟೆ

ತೀರ್ಥಹಳ್ಳಿಯವರ ಮೊದಲ ಮಾತು ನಿಜ. ಮೊಕದ್ದಮೆ ಕೈಬಿಟ್ಟ ಸುದ್ದಿ ಹೂಡಿದ ಸುದ್ದಿಯಷ್ಟು ದೂರ ಹೋಗೋದಿಲ್ಲ. ಗೋಷ್ಠಿಯಲ್ಲಿ ಸಿಸ್ಕೋ ಬಗ್ಗೆ ಹೇಳುವವರು ‘ಆರೋಪ’ ಎಂಬ ಪದ ನುಂಗಬಾರದು, ಆ ಇಬ್ಬರ ಹೆಸರು ಎತ್ತಲೇಬಾರದು.

‘ಅಪರಾಧ’ ಅಂದಿರಿ, ಅದು ಸಿವಿಲ್ ವಿಚಾರ, ಕ್ರಿಮಿನಲ್ ಅಲ್ಲ. ಜೈಲಿಲ್ಲ, ಪರಿಹಾರ ಇದೆ.

ಇನ್ನು ಮಸೂದೆ. ಶುರುವಿನಲ್ಲಿ ಜಾತಿ ಪ್ರತ್ಯೇಕ ಕಲಮಾಗಿತ್ತು. ಬೇಸಿಗೆಯ ತಿದ್ದುಪಡಿಯಲ್ಲಿ ಅದನ್ನು ‘ವಂಶಮೂಲ’ದ ವ್ಯಾಖ್ಯಾನದೊಳಗೆ ಸೇರಿಸಿದರು. ಸೆನೆಟ್‌ನಲ್ಲಿ 34-1, ಅಸೆಂಬ್ಲಿಯಲ್ಲಿ 50-3. ಸಿಯಾಟಲ್ ನಗರ 2023ರ ಫೆಬ್ರವರಿ 21ರಂದು 6-1 ಮತದಲ್ಲಿ ತನ್ನ ತಾರತಮ್ಯ ವಿರೋಧಿ ಕಾನೂನಿನಲ್ಲಿ ‘ಜಾತಿ’ ಎಂಬ ಪದವನ್ನೇ ಬರೆಯಿತು. ಅದೇ ಸೆಪ್ಟೆಂಬರ್‌ನಲ್ಲಿ ಫ್ರೆಸ್ನೊ. ಹಾಗಾದರೆ ‘ಇರೋ ಕಾನೂನೇ ಸಾಕು’ ಅನ್ನೋರಿಗೂ ‘ಪದ ಬೇಕು’ ಅನ್ನೋರಿಗೂ ಜಗಳ ಎಲ್ಲಿ? ನ್ಯಾಯಾಧೀಶರ ಮುಂದೆ ಅಲ್ಲ, ಎಚ್‌ಆರ್ ಮೇಜಿನ ಮುಂದೆ. ದೂರಿನ ಅರ್ಜಿಯಲ್ಲಿ ಟಿಕ್ ಹಾಕೋಕೆ ಚೌಕ ಇಲ್ಲದಿದ್ದರೆ ಎದುರು ಕೂತವರು ‘ಇದು ನಮ್ಮ ನೀತಿಗೆ ಬರೋದಿಲ್ಲ’ ಅಂತ ಕಡತ ಮುಚ್ತಾರೆ. ಆಪಲ್ ಮತ್ತು ಐಬಿಎಂ ತಮ್ಮ ನೀತಿಯಲ್ಲಿ ಜಾತಿ ಅಂತಲೇ ಸೇರಿಸಿಕೊಂಡಿವೆ. ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲೇ, ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದ 23 ಕ್ಯಾಂಪಸ್ಸುಗಳು 2022ರಲ್ಲಿ.

ಬ್ರಿಟನ್ನಿನಲ್ಲಿ ಪದ ಬರೆಯದೆಯೂ ಕೆಲಸ ನಡೆದಿದೆ. ಬಿಹಾರದ ಆದಿವಾಸಿ ಮಹಿಳೆಯೊಬ್ಬರನ್ನು ಮನೆಗೆಲಸಕ್ಕೆ ಕರೆದೊಯ್ದು ಗಂಟೆಗೆ 11 ಪೆನ್ಸ್ ಲೆಕ್ಕದಲ್ಲಿ ದುಡಿಸಿದ ಪ್ರಕರಣ. ಜಾತಿಯ ಕೆಲವು ಅಂಶ ‘ಜನಾಂಗೀಯ ಮೂಲ’ದೊಳಗೆ ಬರಬಲ್ಲದು ಎಂದು 2014ರಲ್ಲಿ ಉದ್ಯೋಗ ಮೇಲ್ಮನವಿ ಮಂಡಳಿ ಹೇಳಿತು. ಮರುವರ್ಷ ಕನಿಷ್ಠ ವೇತನದ ಬಾಕಿಯೇ 1,83,773 ಪೌಂಡ್ ಬಂತು. ಅದನ್ನು ತೋರಿಸಿಯೇ 2018ರಲ್ಲಿ ಅಲ್ಲಿನ ಸರ್ಕಾರ, ಹೊಸ ಕಲಮು ಬೇಡ, ತೀರ್ಪುಗಳೇ ಸಾಕು ಎಂದಿತು. ಅಂದರೆ ತೀರ್ಥಹಳ್ಳಿಯವರ ವಾದಕ್ಕೂ ಬುಡ ಇದೆ. ನನ್ನ ಮತ ಬೇರೆ, ಅಷ್ಟೆ: ತೀರ್ಪು ಹುಡುಕೋಕೆ ವಕೀಲ ಬೇಕು, ಪದ ಓದೋಕೆ ಕಣ್ಣು ಸಾಕು.

---

ಹಳೇ ಕಡತ

ವರ್ಣಭೇದದ ಬಗ್ಗೆ ಮಾತಾಡೋ ಹಕ್ಕು ಭಾರತೀಯರಿಗೆ ಹೇಗೆ ಬಂತು ಅನ್ನೋದನ್ನು ಗೋಷ್ಠಿಯಲ್ಲಿ 5 ನಿಮಿಷ ಹೇಳಿ. 1923ರ ಭಗತ್ ಸಿಂಗ್ ತಿಂಡ್ ಪ್ರಕರಣ ಬಿಟ್ಟರೆ ಈ ವಿಷಯವೇ ಅರ್ಧ.

ಆಗ ವಲಸೆ ಬಂದವರಲ್ಲಿ ಅಮೆರಿಕದ ಪೌರತ್ವ ‘ಸ್ವತಂತ್ರ ಬಿಳಿಯ’ರಿಗೆ, 1870ರ ನಂತರ ಆಫ್ರಿಕನ್ ಮೂಲದವರಿಗೂ. ತಿಂಡ್ ಪಂಜಾಬಿನ ಸಿಖ್ಖರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಅವರ ಪರ ವಾದ ಹೇಗಿತ್ತು ನೋಡಿ: ಬಿಳಿಯರಿಗೇ ಪೌರತ್ವ ಅನ್ನೋದು ತಪ್ಪು ಅಂತ ಅಲ್ಲ, ನಾನೂ ಆರ್ಯ, ಮೇಲ್ಜಾತಿಯವನು, ಆದ್ದರಿಂದ ನಾನೂ ಬಿಳಿಯನೇ ಅಂತ. ಮೇಲ್ಜಾತಿಯವರು ಮದುವೆ ವಿಷಯದಲ್ಲಿ ಮೂಲನಿವಾಸಿಗಳನ್ನು ದೂರ ಇಡೋದು, ಅಮೆರಿಕನ್ನರು ಕರಿಯರನ್ನು ಇಟ್ಟ ಹಾಗೇ ಅಂತ ಹೋಲಿಕೆಯನ್ನೂ ಕೊಟ್ಟರು. ಜಾತಿ ಮಾಡೋದನ್ನೇ ಬಿಳಿತನಕ್ಕೆ ಪುರಾವೆಯಾಗಿ ತೋರಿಸಿದ್ದು! ಸುಪ್ರೀಂ ಕೋರ್ಟ್ ಫೆಬ್ರವರಿ 19ರಂದು ಒಮ್ಮತದಿಂದ ತಳ್ಳಿಹಾಕಿತು. ಜನಸಾಮಾನ್ಯರ ಮಾತಿನಲ್ಲಿ ‘ಬಿಳಿಯ’ ಅಂದರೆ ನೀನಲ್ಲ ಅಂತ. ಆಗಲೇ ಪೌರತ್ವ ಸಿಕ್ಕಿದ್ದ ಹತ್ತಾರು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಮತ್ತೆ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ 100 ಜನರ ಕೋಟಾ.

1965ರ ವಲಸೆ ಕಾನೂನು ಬರೋದು ಕರಿಯರ ನಾಗರಿಕ ಹಕ್ಕು ಚಳವಳಿಯ ಕಾವಿನಲ್ಲಿ. ಆ ಬಾಗಿಲಲ್ಲಿ ಮೊದಲು ಒಳಬಂದವರು ಡಾಕ್ಟರು, ಎಂಜಿನಿಯರು, ಅಂದರೆ ಆಗ ಆ ಓದು ಯಾವ ಮನೆಗಳಿಗೆ ಎಟಕುತ್ತಿತ್ತೋ ಅವರು. ಅನ್ಯಾಯಕ್ಕೆ ಒಳಗಾಗಿದ್ದೂ ನಿಜ, ಅನುಕೂಲ ಹೊತ್ತು ತಂದಿದ್ದೂ ನಿಜ. ಒಂದೇ ಸೂಟ್‌ಕೇಸಿನಲ್ಲಿ.

ಇನ್ನು ‘ಯಾರು ಮಾತಾಡಬೇಕು’ ಅನ್ನೋದು ಅಮೆರಿಕದಿಂದ ಆಮದಾದ ಪ್ರಶ್ನೆ ಅಂತ ಯಾರಾದರೂ ಅಂದರೆ 1973ರ ಬೂಸಾ ಪ್ರಕರಣ ನೆನಪಿಸಿ. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಗಲಾಟೆ ಎದ್ದು ಮಂತ್ರಿಗಿರಿಯೇ ಹೋಯಿತು. ಬೂಸಾ ಹೌದೋ ಅಲ್ಲವೋ ಅಂತ ಪುಸ್ತಕ ಬಿಚ್ಚಿ ನೋಡಿದವರು ಕಡಿಮೆ, ಹಾಗನ್ನೋಕೆ ಇವರು ಯಾರು ಅಂದವರೇ ಹೆಚ್ಚು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಕೇಳಿದಾಗ ಸಿಗಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ವೇದಿಕೆ ಕೊಡದಿದ್ದರೆ ವೇದಿಕೆ ಕಟ್ಟಿಕೊಳ್ತಾರೆ, ಅಷ್ಟೇ.

---

ಬಯಲುಸೀಮೆ

@ಹಳೇ ಕಡತ, ಪದಗಳ ಬಗ್ಗೆ ಒಂದು ಸೇರಿಸ್ತೀನಿ. ‘ಪ್ರಿವಿಲೆಜ್’ಗೆ ಕರಪತ್ರದಲ್ಲಿ ‘ಸವಲತ್ತು’ ಅಂತ ಹಾಕಬೇಡಿ. ಕನ್ನಡದಲ್ಲಿ ಸವಲತ್ತು ಅಂದ ತಕ್ಷಣ ತಾಲ್ಲೂಕು ಆಫೀಸು, ಹಾಸ್ಟೆಲು, ಸ್ಕಾಲರ್‌ಶಿಪ್ಪು, ಮೀಸಲಾತಿ ಕಣ್ಣಮುಂದೆ ಬರುತ್ತೆ. ‘ಸವಲತ್ತು ಇರೋದು ಅವರಿಗಲ್ವಾ?’ ಅಂತ ಮೊದಲನೇ ಪ್ರಶ್ನೆಯಲ್ಲೇ ಗೋಷ್ಠಿ ಮಗುಚಿಕೊಳ್ಳುತ್ತೆ. ‘ಹುಟ್ಟಿನಿಂದ ಬಂದ ಅನುಕೂಲ’ ಅಂತ ಬರೀರಿ, ಉದ್ದವಾದರೂ ಪರವಾಗಿಲ್ಲ.

‘ವರ್ಣಭೇದ’ವೂ ಹಂಗೇ. ವರ್ಣ ಅಂದರೆ ಬಣ್ಣವೂ ಹೌದು, ನಾಲ್ಕು ವರ್ಣವೂ ಹೌದು. ನಿಮ್ಮ ಶೀರ್ಷಿಕೆಗೆ ಅದು ಲಾಭವೇ, ಬಿಡಿ.

---

ಲೆಕ್ಕದ ಪುಸ್ತಕ

ಅಂಕಿಅಂಶ ಬಳಸುವವರಿಗೆ. ಎರಡು ಸಮೀಕ್ಷೆಗಳನ್ನು ಎರಡು ಬಣದವರು ಕತ್ತಿಯಂತೆ ಬೀಸ್ತಾರೆ.

ದಲಿತ ಹಕ್ಕುಗಳ ಸಂಸ್ಥೆ ಈಕ್ವಾಲಿಟಿ ಲ್ಯಾಬ್ಸ್ 2016ರಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ್ದು: ಸುಮಾರು 1,500 ಜನ, ಅದರಲ್ಲಿನ ದಲಿತರ ಪೈಕಿ 67% ಕೆಲಸದ ಜಾಗದಲ್ಲಿ ಅನ್ಯಾಯ ಆಗಿದೆ ಅಂದರು. ತೊಡಕು ಏನು ಅಂದರೆ, ಇದು ಒಬ್ಬರಿಂದ ಒಬ್ಬರಿಗೆ ಹಬ್ಬಿಸಿ ಉತ್ತರ ತರಿಸಿದ ಸಮೀಕ್ಷೆ. ಹೇಳಿಕೊಳ್ಳೋಕೆ ಏನಾದರೂ ಇರುವವರೇ ಹೆಚ್ಚು ತುಂಬ್ತಾರೆ. ಆದ್ದರಿಂದ ‘ಅಮೆರಿಕದ ದಲಿತರಲ್ಲಿ 67%’ ಅನ್ನೋದು ತಪ್ಪು, ‘ಉತ್ತರಿಸಿದ ದಲಿತರಲ್ಲಿ 67%’ ಅನ್ನೋದು ಸರಿ.

ಕಾರ್ನೆಗಿ ಸಂಸ್ಥೆಯದು 2020ರ ಸೆಪ್ಟೆಂಬರ್: ಯೂಗವ್ ಅನ್ನೋ ಸಮೀಕ್ಷಾ ಕಂಪನಿ ಮೂಲಕ 1,200 ಭಾರತೀಯ ಅಮೆರಿಕನ್ನರು, ಜನಸಂಖ್ಯೆಗೆ ಹೊಂದಿಸಿದ ಮಾದರಿ. ಹಿಂದಿನ ವರ್ಷದಲ್ಲಿ ಜಾತಿ ಕಾರಣಕ್ಕೆ ತಾರತಮ್ಯ ಆಯಿತು ಅಂದವರು 5% ಆಸುಪಾಸು. ಚರ್ಮದ ಬಣ್ಣದ ಕಾರಣಕ್ಕೆ ಅಂದವರೇ ಅತಿ ಹೆಚ್ಚು. ‘ನೋಡಿ, ಜಾತಿ ಸಮಸ್ಯೆಯೇ ಇಲ್ಲ’ ಅಂತ ಇದನ್ನು ತೋರಿಸ್ತಾರೆ. ಆದರೆ ಜಾತಿ ಗುರುತು ಇದೆ ಅಂದ ಹಿಂದೂಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಜನ ಸಾಮಾನ್ಯ ವರ್ಗ ಅಥವಾ ಮೇಲ್ಜಾತಿಯವರು. ಊರಿನ ಕೆರೆಗೆ ಇಳಿಯೋಕೆ ಬಿಡ್ತಾರಾ ಅಂತ ಕೆರೆ ಏರಿ ಮೇಲಿನ ಮನೆಗಳಲ್ಲೇ ಕೇಳಿ ಸರಾಸರಿ ತೆಗೆದ ಹಾಗೆ.

ಒಂದು ಸಮೀಕ್ಷೆ ‘ಇದೆಯಾ’ ಅಂತ ಹೇಳುತ್ತೆ, ‘ಎಷ್ಟಿದೆ’ ಹೇಳಲ್ಲ. ಇನ್ನೊಂದು ಎಲ್ಲರ ಸರಾಸರಿ ಹೇಳುತ್ತೆ, ಕೆಳಗಿನ ಮೂಲೆಯಲ್ಲಿ ಏನಾಯ್ತು ಹೇಳಲ್ಲ. ಭಾಷಣಕಾರರು ಎರಡನ್ನೂ ಹೇಳಲಿ, ಇಲ್ಲಾ ಎರಡನ್ನೂ ಬಿಡಲಿ.

---

ತೀರ್ಥಹಳ್ಳಿ ಮಳೆ

ಕೆರೆ ಏರಿ ಹೋಲಿಕೆ ಕುಟುಕಿತು, ಆದರೂ ಸರಿ ಇದೆ. ಎರಡನೇ ನಿಯಮದ ಬಗ್ಗೆ ಯಾರೂ ಹೇಳಲಿಲ್ಲ. ಮೇಲ್ಜಾತಿಯವರು ಬಾಯಿ ಮುಚ್ಚಬೇಕಾ?

---

ಅನಾಮಿಕ 14

ಬೇಡ. ಸಿಯಾಟಲ್ ಕಾನೂನು ಮಂಡಿಸಿದ ಕ್ಷಮಾ ಸಾವಂತ್ ತಾವು ಬ್ರಾಹ್ಮಣ ಕುಟುಂಬದವರು ಅಂತ ತಾವೇ ಹೇಳಿಕೊಂಡವರು. ಎಸ್‌ಬಿ 403 ತಂದ ಆಯಿಷಾ ವಹಾಬ್ ಅಫ್ಘನ್ ಮೂಲದವರು, ‘ಇವರಿಗೇನು ಗೊತ್ತು ಜಾತಿ’ ಅನ್ನಿಸಿಕೊಂಡವರು. ನಿಮ್ಮ ನಿಯಮ ಹಾಕಿದ್ದರೆ ಎರಡೂ ಮಂಡನೆಯಾಗ್ತಿರಲಿಲ್ಲ. ಹಾಗಂತ ಅವರಿಬ್ಬರಿಂದಲೇ ಆಯ್ತು ಅಂದುಕೊಳ್ಳೋದೂ ತಪ್ಪು. ಎರಡೂ ಕಡೆ ದಲಿತ ಸಂಘಟನೆಗಳು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಸಾಕ್ಷಿ ನುಡಿದಿದ್ದವು.

ನಿಷೇಧ ಹಾಕಬೇಕಾದ್ದು ಮನುಷ್ಯರಿಗಲ್ಲ, ಒಂದು ಬಗೆಯ ವಾಕ್ಯಕ್ಕೆ. ‘ದಲಿತರಿಗೆ ಹೀಗನ್ನಿಸುತ್ತೆ’ ಅಂತ ಬೇರೆಯವರು ಹೇಳೋದು ನಿಲ್ಲಲಿ. ಅದರ ಬದಲು ತಾವಿದ್ದ ಕೋಣೆಯಲ್ಲಿ ಕೇಳಿದ್ದು ಹೇಳಲಿ, ಅದು ಅವರಿಗೆ ಮಾತ್ರ ಗೊತ್ತಿರೋದು. ರೆಫರಲ್ ಹೇಗೆ ಒಂದೇ ಕಾಲೇಜು, ಒಂದೇ ಮಠದ ವಾಟ್ಸಾಪ್ ಗುಂಪಿನಲ್ಲಿ ಸುತ್ತುತ್ತೆ. ‘ಮೆರಿಟ್ಟಾ, ಕೋಟಾನಾ’ ಅನ್ನೋ ನಗೆ ಯಾವಾಗ ಹುಟ್ಟುತ್ತೆ. ರೂಮ್‌ಮೇಟ್ ಜಾಹೀರಾತಿನ ‘ಸಸ್ಯಾಹಾರಿಗಳಿಗೆ ಮಾತ್ರ’ ಯಾವಾಗ ಬರೀ ಊಟದ ವಿಷಯ, ಯಾವಾಗ ಅಲ್ಲ. (ಕಾನೂನಿನ ಮಟ್ಟಿಗೆ, ಒಂದೇ ಮನೆಯೊಳಗೆ ಜೊತೆಗಿರೋರನ್ನು ಆರಿಸಿಕೊಳ್ಳೋದಕ್ಕೆ ಫೆಡರಲ್ ವಸತಿ ಕಾನೂನು ಅನ್ವಯಿಸಲ್ಲ ಅಂತ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಹೇಳಿದೆ. ಆದ್ದರಿಂದ ಅದನ್ನು ಕಾನೂನುಬಾಹಿರ ಅಂತ ಕೂಗಬೇಡಿ, ಏನು ಅನ್ನೋದನ್ನ ಹೇಳಿ ಸಾಕು.)

ಕರೆದು ಕೂರಿಸಿದರೂ ಕೆಡಬಹುದು. ಗೂಗಲ್‌ನಲ್ಲಿ 2022ರ ಏಪ್ರಿಲ್‌ನಲ್ಲಿ ದಲಿತ ಇತಿಹಾಸ ಮಾಸಕ್ಕೆ ಇಟ್ಟಿದ್ದ ಉಪನ್ಯಾಸ ಉದ್ಯೋಗಿಗಳ ಆಕ್ಷೇಪದ ನಂತರ ರದ್ದಾಯಿತು, ಅದನ್ನು ಏರ್ಪಡಿಸಿದ್ದ ಮ್ಯಾನೇಜರ್ ಕೆಲಸ ಬಿಟ್ಟರು. ನೀವೂ ರದ್ದು ಮಾಡೋ ಒತ್ತಡ ಬಂದರೆ ಯಾರು ತೀರ್ಮಾನ ಮಾಡ್ತಾರೆ ಅಂತ ಮೊದಲೇ ಬರೆದಿಟ್ಕೊಳ್ಳಿ.

---

ಹುಬ್ಳಿ ಗಿರ್ಮಿಟ್

ಕಟ್ಟೆ ಸಾಹೇಬ್ರ, ಗೋಷ್ಠಿ ಮುಗದ ಮ್ಯಾಲೆ ಯಾರರ ಬಂದು ‘ನನಗ ಹಿಂಗಾಗೇತಿ, ಏನ್ ಮಾಡ್ಲಿ’ ಅಂದ್ರ ಏನ್ ಹೇಳ್ಬೇಕು? ಅದನ್ನೊಂದಿಷ್ಟು ಬಿಡಿಸಿ ಬರೀರಿ.

---

ಕಾನೂನು ಕಟ್ಟೆ

ಕ್ಯಾಲಿಫೋರ್ನಿಯಾದ ಮಟ್ಟಿಗೆ ಬರೀತೀನಿ, ಬೇರೆ ರಾಜ್ಯದಲ್ಲಿ ಗಡುವುಗಳು ಬೇರೆ.

ಮೊದಲು ದಿನಚರಿ. ತಾರೀಕು, ಸಮಯ, ಆಡಿದ ಮಾತು ಆಡಿದ ಭಾಷೆಯಲ್ಲೇ, ಇದ್ದವರು ಯಾರು. ‘ನಿಮ್ಮೋರಿಗೆ ಅಷ್ಟು ಸಾಕು’ ಅನ್ನೋದನ್ನು ಇಂಗ್ಲಿಷಿಗೆ ತಿರುಗಿಸಿದರೆ ಅದರ ವಿಷ ಇಳಿದುಹೋಗುತ್ತೆ. ಕನ್ನಡ, ತೆಲುಗು, ಹಿಂದಿ ಯಾವುದೇ ಇರಲಿ, ಮೂಲದಲ್ಲಿ ಬರೆದು ಪಕ್ಕದಲ್ಲಿ ಅನುವಾದ ಮತ್ತು ಅದರ ಸೂಚ್ಯಾರ್ಥ. ತನಿಖೆ ಮಾಡುವವರಿಗೆ ‘ಯಾರ ಪೈಕಿ’ ಅಂದರೆ ಏನು ಅಂತ ಗೊತ್ತಿರಲ್ಲ.

ಗುಟ್ಟಾಗಿ ರೆಕಾರ್ಡ್ ಮಾಡಬೇಡಿ. ಖಾಸಗಿ ಮಾತುಕತೆಯನ್ನು ಎಲ್ಲರ ಒಪ್ಪಿಗೆ ಇಲ್ಲದೆ ಧ್ವನಿಮುದ್ರಿಸೋದು ಇಲ್ಲಿ ದಂಡಸಂಹಿತೆಯ 632ನೇ ಕಲಮಿನ ಪ್ರಕಾರ ಅಪರಾಧ. ನ್ಯಾಯ ಕೇಳೋಕೆ ಹೋದವರೇ ಆರೋಪಿ ಆಗ್ತಾರೆ. ಹಾಗೇ ಕಂಪನಿಯ ಗೋಪ್ಯ ಕಡತಗಳನ್ನು ಸ್ವಂತ ಈಮೇಲ್‌ಗೆ ಕಳಿಸಿಕೊಳ್ಳಬೇಡಿ. ಕೆಲಸದಿಂದ ತೆಗೆಯೋಕೆ ಅದಕ್ಕಿಂತ ಸುಲಭದ ನೆಪ ಇನ್ನೊಂದಿಲ್ಲ.

ದೂರು ಬಾಯಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ಕೊಡಿ. ‘ಜಾತಿ’ ಅಂತ ಒಂದೇ ಪದ ಬರೆದು ನಿಲ್ಲಿಸಬೇಡಿ. ಜಾತಿ, ಅಂದರೆ ವಂಶಮೂಲ, ಅನ್ವಯಿಸುವಲ್ಲಿ ಜನಾಂಗ, ಧರ್ಮ, ರಾಷ್ಟ್ರೀಯ ಮೂಲ ಅಂತ ಜೋಡಿಸಿ. ಬಹಳ ದೂರು ಕೆಡೋದು ಇಲ್ಲೇ. ‘ಮ್ಯಾನೇಜರ್ ಪಕ್ಷಪಾತ ಮಾಡ್ತಾರೆ, ಅಗೌರವ ತೋರಿಸ್ತಾರೆ’ ಅಂತ ಮಾತ್ರ ಬರೆದರೆ ಅದು ಸ್ವಭಾವದ ಜಗಳ ಅಂತ ಪಕ್ಕಕ್ಕೆ ಹೋಗುತ್ತೆ, ಕಾನೂನಿನ ರಕ್ಷಣೆಯೂ ಅಂಟಲ್ಲ. ರಕ್ಷಿತ ಕಾರಣವನ್ನು ಹೆಸರಿಸಿದ ಮೇಲೆ ಸೇಡು ತೀರಿಸಿಕೊಂಡರೆ ಅದೇ ಪ್ರತ್ಯೇಕ ಮೊಕದ್ದಮೆ. ಮೂಲ ದೂರು ಸಾಬೀತಾಗದಿದ್ದರೂ, ಪ್ರಾಮಾಣಿಕವಾಗಿ ನಂಬಿ ಕೊಟ್ಟಿದ್ದರೆ ಸೇಡಿನ ದೂರು ನಿಲ್ಲುತ್ತೆ. ಸಾಕ್ಷಿ ಹೇಳಿದವರಿಗೂ ಇದೇ ರಕ್ಷಣೆ. ಅನಾಮಿಕ 14 ಹೇಳಿದ ‘ಕೋಣೆಯಲ್ಲಿ ಕೇಳಿದ್ದು’ ಇಲ್ಲಿ ಚಿನ್ನ.

ಹೋಲಿಕೆಗೆ ಜನ ಬೇಕು. ಅದೇ ಮ್ಯಾನೇಜರ್ ಕೆಳಗೆ, ಅದೇ ಹುದ್ದೆ, ಅದೇ ರೇಟಿಂಗ್ ಇದ್ದವರಿಗೆ ಏನು ಸಿಕ್ಕಿತು? ಜಾತಿ ಪ್ರಕರಣದ ಪೇಚು ಏನು ಅಂದರೆ, ಹೋಲಿಸಬೇಕಾದವರ ಜಾತಿ ಯಾವ ದಾಖಲೆಯಲ್ಲೂ ಇರಲ್ಲ. ಮ್ಯಾನೇಜರ್‌ಗೆ ದೂರುದಾರರ ಜಾತಿ ಗೊತ್ತಿತ್ತು ಅಂತ ತೋರಿಸೋದು ಇನ್ನೂ ಕಷ್ಟ. ಬಣ್ಣದ ಪ್ರಕರಣದಲ್ಲಿ ಈ ಪ್ರಶ್ನೆ ಏಳೋದೇ ಇಲ್ಲ.

ಗಡುವು: ರಾಜ್ಯದ ನಾಗರಿಕ ಹಕ್ಕು ಇಲಾಖೆಗೆ 3 ವರ್ಷ, ಅವರು ದಾವೆ ಹೂಡುವ ಅನುಮತಿ ಪತ್ರ ಕೊಟ್ಟ ಮೇಲೆ 1 ವರ್ಷ. ಫೆಡರಲ್ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ (ಇಇಒಸಿ) ಇಲ್ಲಿ 300 ದಿನ, ಪತ್ರದ ನಂತರ 90 ದಿನ. ರಾಜ್ಯ ಕಾನೂನು 5 ಉದ್ಯೋಗಿಗಳಿರುವ ಕಂಪನಿಯಿಂದಲೇ ಅನ್ವಯ, ಫೆಡರಲ್‌ನದಕ್ಕೆ 15 ಬೇಕು. ಅದಕ್ಕೇ ಸಣ್ಣ ಕನ್ಸಲ್ಟಿಂಗ್ ಅಂಗಡಿಗಳವರು ರಾಜ್ಯದ ದಾರಿಯೇ ಹಿಡಿಯೋದು.

ಎಲ್ಲಕ್ಕಿಂತ ದೊಡ್ಡ ಬಾಯಿಬೀಗ ವೀಸಾ. ಎಚ್-1ಬಿ ಇದ್ದವರಿಗೆ ಕೆಲಸ ಹೋದರೆ ಸಿಗೋದು ಗರಿಷ್ಠ 60 ದಿನ. ಮಕ್ಕಳ ಶಾಲೆ, ಮನೆ ಕರಾರು, ಗ್ರೀನ್ ಕಾರ್ಡ್ ಸಾಲು ಎಲ್ಲ ಆ 60 ದಿನದ ಒಳಗೆ. ‘ಯಾರೂ ದೂರು ಕೊಟ್ಟಿಲ್ಲ, ಅಂದರೆ ಸಮಸ್ಯೆ ಇಲ್ಲ’ ಅನ್ನುವವರಿಗೆ ಈ ಒಂದು ಸಂಖ್ಯೆ ಹೇಳಿ.

ರಾಜಿ ಆದರೆ? 2022ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 331 ಜಾರಿಯಲ್ಲಿದೆ. ತಾರತಮ್ಯದ ಸಂಗತಿಗಳನ್ನು ಎಲ್ಲೂ ಹೇಳಬಾರದು ಅಂತ ರಾಜಿ ಪತ್ರದಲ್ಲಿ ಬರೆಸಿಕೊಳ್ಳುವಂತಿಲ್ಲ. ಮೊತ್ತವನ್ನು ಗುಟ್ಟಾಗಿಡಬಹುದು. ದೂರುದಾರರೇ ಕೇಳಿದರೆ ಅವರ ಗುರುತನ್ನೂ ಗುಟ್ಟಾಗಿಡಬಹುದು. ಹೇಳುವ ಹಕ್ಕು, ಹೇಳದಿರುವ ಹಕ್ಕು ಎರಡೂ ಅವರ ಕೈಯಲ್ಲಿ. ನಿಮ್ಮ ಗೋಷ್ಠಿಯ ನಿಯಮಕ್ಕೆ ಇದನ್ನೇ ನಕಲು ಹೊಡೀರಿ.

---

ತೀರ್ಥಹಳ್ಳಿ ಮಳೆ

ಒಂದು ತಿದ್ದುಪಡಿ ಸೂಚಿಸ್ತೇನೆ. ಯಾರೇ ಯಾರ ಮೇಲಾದರೂ ಗೋಷ್ಠಿಯಲ್ಲಿ ಹೆಸರು ಹಿಡಿದು ಆರೋಪ ಮಾಡುವಂತಿಲ್ಲ, ಕಂಪನಿ ಹೆಸರೂ ಬೇಡ. ಅದಕ್ಕೆ ಇಲಾಖೆ ಇದೆ. ಮತ್ತೆ, ಮಸೂದೆ ಬೇಡ ಅನ್ನುವವರಿಗೂ 10 ನಿಮಿಷ ಕೊಡಿ.

---

ಅನಾಮಿಕ 14

ಮೊದಲನೇದು ಒಪ್ಪಿಗೆ. ಎರಡನೇದಕ್ಕೆ ಷರತ್ತು: ‘ಕಾನೂನು ಬೇಕಾ’ ಅನ್ನೋದಕ್ಕೆ ಎರಡು ಪಕ್ಷ ಇರಲಿ, ‘ಜಾತಿ ತಾರತಮ್ಯ ಇದೆಯಾ’ ಅನ್ನೋದಕ್ಕೆ ಬೇಡ. ಎರಡನ್ನೂ ಒಂದೇ ಅವಧಿಯಲ್ಲಿ ಇಟ್ಟರೆ ಮೊದಲನೇದರ ಹೆಸರಲ್ಲಿ ಎರಡನೇದನ್ನೇ ತಳ್ಳಿಹಾಕ್ತಾರೆ.

---

ತೀರ್ಥಹಳ್ಳಿ ಮಳೆ

ಇದಕ್ಕೆ ನಾನು ಒಪ್ಪೋದಿಲ್ಲ. ಎಷ್ಟಿದೆ ಅಂತ ಕೇಳೋದೂ ಇದೆಯಾ ಅಂತ ಕೇಳಿದ ಹಾಗೇ ಕಾಣುತ್ತೆ ನಿಮಗೆ. ಇರಲಿ, ಸಭೆಯಲ್ಲಿ ನೋಡೋಣ.

---

ಫ್ರೀಮಾಂಟ್ ಫಿಲ್ಟರ್‌ಕಾಫಿ

ಮೊದಲ ಎರಡು ನಿಯಮ ತೆಗೆದಾಯ್ತು. ಮೂರನೇದು ಹೀಗೆ: ವೇದಿಕೆಯ ಮೊದಲ 40 ನಿಮಿಷ ದಲಿತ ಭಾಷಣಕಾರರಿಗೆ, ತಮ್ಮ ಗುರುತನ್ನು ಈಗಾಗಲೇ ಬಹಿರಂಗವಾಗಿ ಹೇಳಿಕೊಂಡವರನ್ನು ಮಾತ್ರ ಕರೆಯೋದು. ಪ್ರಶ್ನೆಗಳು ಚೀಟಿಯಲ್ಲಿ, ಹೆಸರಿಲ್ಲದೆ. ಒಂದು ಅನುಮಾನ ಉಳೀತು: ಕೈಬರಹ ನೋಡಿ, ಇಲ್ಲಾ ಜೂಮ್‌ನಲ್ಲಿ ಹೆಸರು ನೋಡಿ ಯಾರದು ಅಂತ ಗೊತ್ತಾಗಲ್ವಾ?

---

ಬಯಲುಸೀಮೆ

ಆಗುತ್ತೆ. 30 ಜನರ ಬಳಗದಲ್ಲಿ ಎಲ್ಲರಿಗೂ ಎಲ್ಲರ ಕೈಬರಹ ಗೊತ್ತು. ಚೀಟಿ ಬಿಡಿ, ಹೆಸರು ಕೇಳದ ಆನ್‌ಲೈನ್ ಫಾರ್ಮ್ ಇಡಿ, ಈಮೇಲ್ ಸಂಗ್ರಹಿಸೋ ಆಯ್ಕೆ ಆಫ್ ಇದೆಯಾ ಅಂತ ಎರಡು ಸಲ ನೋಡಿ. ಫಾರ್ಮನ್ನು ಗೋಷ್ಠಿಗೆ 3 ದಿನ ಮುಂಚೆಯೇ ತೆರೀರಿ. ಸಭಾಂಗಣದಲ್ಲಿ ಕೂತು ಫೋನ್ ತೆಗೆದವರು ಯಾರು ಅಂತ ನೋಡೋರೂ ಇರ್ತಾರೆ.

ಜೂಮ್‌ನಲ್ಲಿ ಒಳಬರುವ ಮುಂಚೆ ಹೆಸರು ಬದಲಿಸೋಕೆ ಹೇಳಿ, ಕ್ಯಾಮೆರಾ ಹಾಕಿ ಅಂತ ಒತ್ತಾಯಿಸಬೇಡಿ. ಚಾಟ್ ಆತಿಥೇಯರಿಗೆ ಮಾತ್ರ ಹೋಗುವಂತೆ ಇಡಿ. ರೆಕಾರ್ಡಿಂಗ್ ಭಾಷಣಕ್ಕೆ ಮಾತ್ರ, ಪ್ರಶ್ನೋತ್ತರ ಶುರುವಾಗೋ ಮುಂಚೆ ನಿಲ್ಲಿಸಿ, ನಿಲ್ಲಿಸಿದ್ದೀವಿ ಅಂತ ಬಾಯಲ್ಲಿ ಹೇಳಿ. ಮತ್ತೆ ಗೋಷ್ಠಿಯ ನಂತರದ ಊಟಕ್ಕೆ ‘ಮನೆಯಿಂದ ಒಂದೊಂದು ಅಡುಗೆ ತನ್ನಿ’ ಅಂತ ಹಾಕಿದ್ದೀರಲ್ಲ, ಅದನ್ನು ತೆಗೆದು ಹೋಟೆಲಿನಿಂದ ತರಿಸಿ. ಯಾರ ಡಬ್ಬ ಖಾಲಿಯಾಯ್ತು, ಯಾರದು ತುಂಬಿದ ಹಾಗೇ ವಾಪಸ್ ಹೋಯ್ತು ಅಂತ ಲೆಕ್ಕ ಇಡೋರು ಇರ್ತಾರೆ.